ಇಳಿಯುವುದಕ್ಕೂ ತಾಲೀಮು ಬೇಕು

ಭಾನುವಾರ ನಸುಕಿಗೆ ಬೆಂಗಳೂರಿನ ಜಕ್ಕೂರು ಕೆರೆ ಏರಿಯ ಮೇಲೋ ಜಿಕೆವಿಕೆ ಆವರಣದ ಮರಗಳ ನೆರಳಲ್ಲೋ ಸ್ವಲ್ಪ ಹೊತ್ತು ನಿಂತರೆ ಓಡುವವರಲ್ಲಿ ಎರಡು ಬಗೆ ಕಾಣುತ್ತದೆ. ಕೈ ಬೀಸಿಕೊಂಡು ಹಗುರಾಗಿ ಹೋಗುವವರು ಹೆಚ್ಚು. ಇನ್ನು ಕೆಲವರ ಬೆನ್ನಿಗೆ ಅಂಟಿದಂತೆ ಪುಟ್ಟ ಚೀಲ, ಎದೆಯ ಮೇಲೆ ನೀರಿನ ಮೆತ್ತನೆ ಬಾಟಲಿ, ಬೂಟಿನ ತುಂಬ ಕೆಮ್ಮಣ್ಣು. ಈ ಎರಡನೆಯವರ ಕಣ್ಣು ಬೆಟ್ಟದ ಮೇಲಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾ, ಲಡಾಖಿನಲ್ಲಿ ಖರ್ದುಂಗ್ ಲಾ ದಾಟುವ 72 ಕಿಲೋಮೀಟರ್ ಓಟ, ದುಡ್ಡೂ ವೀಸಾವೂ ಕೂಡಿಬಂದರೆ ಯುರೋಪಿನಲ್ಲಿ ಮಾಂಟ್ ಬ್ಲಾಂಕ್ ಪರ್ವತವನ್ನು ಒಂದು ಸುತ್ತು ಹಾಕುವ ಯುಟಿಎಂಬಿ. ಹೀಗೆ ಆಸೆಯ ಪಟ್ಟಿ ಬೆಳೆಯುತ್ತದೆ.

ಇವರಿಗೆ ಮೊದಲು ಎದುರಾಗುವ ಕಷ್ಟ ಲೆಕ್ಕದ್ದು. ಊರಿನ ಓಟಗಾರ ಕಿಲೋಮೀಟರಿನಲ್ಲಿ ಯೋಚಿಸುತ್ತಾನೆ. ಬೆಟ್ಟಕ್ಕೆ ಆ ಒಂದು ಅಳತೆ ಸಾಲದು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಒಂದು ಸೂತ್ರ ಕೊಟ್ಟ. ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಜತೆಗೆ ಪ್ರತಿ ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್, ಆರುನೂರು ಮೀಟರ್ ಏರಿಕೆಗೆ ಮತ್ತೊಂದು ಗಂಟೆ ಎಂದಿಟ್ಟುಕೊಳ್ಳಬಹುದು. ಐವತ್ತು ಕಿಲೋಮೀಟರ್ ದೂರ, ಎರಡೂವರೆ ಸಾವಿರ ಮೀಟರ್ ಏರಿಕೆ ಇರುವ ದಾರಿಗೆ ನಡಿಗೆಯ ಲೆಕ್ಕದಲ್ಲಿ ಹದಿನಾಲ್ಕು ಗಂಟೆ ದಾಟುತ್ತದೆ. ಓಡಿದರೂ ಬೆಳಕಿರುವಾಗಲೇ ಮುಗಿಯುತ್ತದೆ ಎಂಬ ಖಾತ್ರಿಯಿಲ್ಲ. ಅಂದಮೇಲೆ ಹಣೆಗೆ ಕಟ್ಟುವ ದೀಪ ಬೇಕು, ಅದಕ್ಕೆ ಬದಲಿ ಬ್ಯಾಟರಿ ಬೇಕು, ಕತ್ತಲಲ್ಲಿ ಓಡಿ ಗೊತ್ತಿರಬೇಕು. ಒಂದು ಸಣ್ಣ ಲೆಕ್ಕ ಇಡೀ ತಯಾರಿಯ ರೂಪ ಬದಲಿಸುತ್ತದೆ. 2003ರಲ್ಲಿ ಶುರುವಾದ ಯುಟಿಎಂಬಿಯ ದೂರ ಸುಮಾರು 170 ಕಿಲೋಮೀಟರ್, ಏರಿಕೆ ಸುಮಾರು ಹತ್ತು ಸಾವಿರ ಮೀಟರ್. 1,478 ಮೀಟರ್ ಎತ್ತರದ ನಮ್ಮ ನಂದಿಗೆ ಬುಡದಿಂದ ನೆತ್ತಿಗೆ ಹೆಚ್ಚುಕಡಿಮೆ ಐನೂರು ಮೀಟರ್. ಅಂದರೆ ಇಪ್ಪತ್ತು ಸಲ ನಂದಿ ಹತ್ತಬೇಕು, ಇಪ್ಪತ್ತು ಸಲ ಇಳಿಯಬೇಕು.

ಹತ್ತುವುದಕ್ಕೆ ಉತ್ತರ ಬೆಂಗಳೂರಿನವರು ಪುಣ್ಯವಂತರು. ನಂದಿ, ಸ್ಕಂದಗಿರಿ ಎರಡೂ ಬಳ್ಳಾರಿ ರಸ್ತೆಯ ಕಡೆಗೇ ಇವೆ. ಯಲಹಂಕದಿಂದ ಹಿಂದೂಪುರದ ಕಡೆ ಹೋಗುವ ರೈಲು ಹಳಿಯ ಪಕ್ಕದಲ್ಲೇ ಮಾಕಳಿದುರ್ಗ. ಸುಲ್ತಾನ್‌ಪೇಟೆ ಕಡೆಯಿಂದ ನಂದಿಗೆ ಹಳೆಯ ಕಲ್ಲು ಮೆಟ್ಟಿಲುಗಳಿವೆ. ವಾರದ ನಡುವೆ ಬೆಟ್ಟಕ್ಕೆ ಹೋಗಲಾಗದವರಿಗೆ ಹೆಬ್ಬಾಳದ ಸುತ್ತ ಎದ್ದ ಅಪಾರ್ಟ್‌ಮೆಂಟುಗಳಿವೆಯಲ್ಲ! ಇಪ್ಪತ್ತು ಮಹಡಿ ಎಂದರೆ ಸುಮಾರು ಅರವತ್ತು ಮೀಟರ್. ಎಂಟು ಸಲ ಹತ್ತಿದರೆ ನಂದಿಯ ಹತ್ತಿರ ಹತ್ತಿರ ಏರಿಕೆ ಆಗಿಹೋಗುತ್ತದೆ. ಆದರೆ ಅಲ್ಲಿ ಹಲವರು ಮಾಡುವ ಒಂದು ಕೆಲಸವುಂಟು. ಬೆವರು ಸುರಿಸಿ ಹತ್ತುತ್ತಾರೆ, ಲಿಫ್ಟಿನಲ್ಲಿ ಇಳಿಯುತ್ತಾರೆ. ಅರ್ಧ ತಾಲೀಮು ಲಿಫ್ಟಿನ ಪಾಲಾಗುತ್ತದೆ.

ಬೆಟ್ಟದ ಓಟದಲ್ಲಿ ಕಾಲು ಸೋಲುವುದು ಬಹುಪಾಲು ಇಳಿಜಾರಿನಲ್ಲಿ. ಏರುವಾಗ ಉಬ್ಬಸ ಬರುತ್ತದೆ. ನಿಂತರೆ ಅದು ಇಳಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನೆಲ್ಲ ತಡೆಯಬೇಕು. ಹೆಜ್ಜೆ ಹೆಜ್ಜೆಗೂ ಅದರ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಬೀಳುತ್ತದೆ. ಉಸಿರು ಸರಾಗವಾಗಿರುವುದರಿಂದ ಅದು ಗೊತ್ತಾಗುವುದಿಲ್ಲ. ಮುಂದೆ ಸಮತಟ್ಟು ದಾರಿ ಸಿಕ್ಕಾಗಲೂ ಕಾಲು ಓಡಲೊಲ್ಲದು. ಸಮಾಧಾನದ ಸಂಗತಿಯೆಂದರೆ, ಹದವಾಗಿ ಒಮ್ಮೆ ಇಳಿಸಿ ನೋಯಿಸಿದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಇಳಿತಕ್ಕೆ ಅಷ್ಟಾಗಿ ನೋಯುವುದಿಲ್ಲ. ಹಾಗಾಗಿ ಓಟಕ್ಕೆ ಎರಡು ಮೂರು ವಾರ ಮೊದಲು ದೊಡ್ಡದೊಂದು ಇಳಿತ ಮುಗಿಸಿ, ಆಮೇಲೆ ಕಾಲಿಗೆ ಬಿಡುವು ಕೊಡುವುದು ಅನುಭವಸ್ಥರ ಕ್ರಮ.

ಹೊಟ್ಟೆಗೂ ತಾಲೀಮು ಬೇಕು. ಕಡಲೆಕಾಯಿ ಚಿಕ್ಕಿ, ಖರ್ಜೂರ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಮೊಸರನ್ನ, ಯಾವುದಾದರೂ ಸರಿ, ಓಡುತ್ತ ಓಡುತ್ತ ತಿಂದು ಜೀರ್ಣಿಸಿಕೊಂಡ ಅಭ್ಯಾಸ ಇರಬೇಕು. ಹೊಸ ಜೆಲ್ ಪೊಟ್ಟಣ, ಹೊಸ ಬೂಟುಗಳನ್ನು ಓಟದ ದಿನ ಮೊದಲ ಸಲ ಬಳಸುವುದು ಯುದ್ಧಕಾಲೇ ಶಸ್ತ್ರಾಭ್ಯಾಸ. ನೀರಿನಲ್ಲೂ ಮಿತಿ ಉಂಟು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕುಸಿದಿತ್ತು. ಓಡಿ ಮುಗಿಸುವಾಗ ತೂಕ ಹೆಚ್ಚಿಸಿಕೊಂಡವರಲ್ಲೇ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದವರಲ್ಲೇ ಆ ಅಪಾಯ ಹೆಚ್ಚು ಕಂಡಿತು. ಬಾಯಾರಿದಷ್ಟು ಕುಡಿಯಬೇಕು, ಹೆದರಿಕೆಗೆ ಕುಡಿಯಬಾರದು.

ಇನ್ನು ಚೀಲದ ಮಾತು. ಭಾರ ಕಡಿಮೆಯಾದಷ್ಟೂ ವೇಗ ಹೆಚ್ಚು ಎನ್ನುವುದು ಮನೆಯಲ್ಲಿ ಕುಳಿತಾಗ ಹೊಳೆಯುವ ತರ್ಕ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರ್ ಬೆಟ್ಟದ ಓಟಕ್ಕೆ 172 ಮಂದಿ ಹೊರಟರು. ಹಲವರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಪಟ್ಟಿಯಲ್ಲಿ ಇರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಇಪ್ಪತ್ತೊಂದು ಜನ ಸತ್ತರು. ಸತ್ತವರಲ್ಲಿ ಆ ದೇಶದ ಅಗ್ರ ಓಟಗಾರ ಲಿಯಾಂಗ್ ಜಿಂಗ್ ಕೂಡ ಒಬ್ಬ. ಝು ಕೆಮಿಂಗ್ ಎಂಬ ಕುರಿಗಾಹಿ ತಾನು ಆಸರೆ ಪಡೆದಿದ್ದ ಗುಹೆಯಲ್ಲಿ ಆರು ಮಂದಿಗೆ ಬೆಂಕಿ ಕಾಯಿಸಿ ಉಳಿಸಿದ. ಮಲೆನಾಡಿನ ಚಳಿ ಅಷ್ಟು ಕ್ರೂರವಲ್ಲ, ನಿಜ. ಆದರೂ ಮಳೆಗಾಲದ ಕೊನೆಯಲ್ಲಿ ಮಂಜು, ಜಾರುವ ಕಲ್ಲು, ಇಂಬಳ, ಸಿಗ್ನಲ್ ಸಿಗದ ಫೋನು ಎಲ್ಲ ಒಟ್ಟಿಗೇ ಬರುತ್ತವೆ. ನೆನೆದ ಮೈಗೆ ಬೆಟ್ಟದ ನೆತ್ತಿಯ ಗಾಳಿ ತಾಗಿ, ಸುಸ್ತಿನಿಂದ ಓಟ ನಡಿಗೆಗೆ ಇಳಿಯಿತೆಂದರೆ ನಡುಕ ಹುಟ್ಟಲು ಹೆಚ್ಚು ಹೊತ್ತು ಬೇಡ. ಮುಷ್ಟಿಯಲ್ಲಿ ಹಿಡಿಯುವ ಜಾಕೆಟ್ಟು ಆಗ ಭಾರ ಎನಿಸುವುದಿಲ್ಲ.

ಎಲ್ಲಕ್ಕಿಂತ ಕಡೆಗಣಿಸುವ ತಯಾರಿ ಇನ್ನೊಂದಿದೆ: ಹಿಂತಿರುಗುವುದು. ಹನ್ನೆರಡನೆಯ ಗಂಟೆಗೆ, ನಿದ್ದೆಗೆಟ್ಟು, ಸಕ್ಕರೆ ಇಳಿದ ತಲೆಯಲ್ಲಿ ಒಳ್ಳೆಯ ತೀರ್ಮಾನ ಹುಟ್ಟುವುದಿಲ್ಲ. ‘ಇಷ್ಟು ದೂರ ಬಂದಾಯ್ತು, ಇನ್ನೇನು ಸ್ವಲ್ಪವೇ’ ಎಂದು ಅದು ವಾದಿಸುತ್ತದೆ. ಅದಕ್ಕೇ ತೀರ್ಮಾನವನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು. ನೀರು, ತಿಂಡಿ ಸಿಗುವ ಇಂಥ ಏಡ್ ಸ್ಟೇಷನ್ನಿಗೆ ಇಷ್ಟು ಗಂಟೆಯೊಳಗೆ ತಲುಪದಿದ್ದರೆ ನಿಲ್ಲುವೆ. ಮೂರು ಸಲ ವಾಂತಿಯಾದರೆ ನಿಲ್ಲುವೆ. ಮೂತ್ರ ಕಪ್ಪಾದರೆ ನಿಲ್ಲುವೆ. ಹೀಗೆ ಬರೆದು, ಆ ಚೀಟಿಯ ಒಂದು ಪ್ರತಿ ಮನೆಯವರ ಕೈಗೂ ಕೊಡಬೇಕು. ಯುಟಿಎಂಬಿಯಲ್ಲಿ ಎಷ್ಟೋ ವರ್ಷ ಹೊರಟವರ ಪೈಕಿ ಸುಮಾರು ಮೂರನೇ ಒಂದರಷ್ಟು ಮಂದಿ ಮುಗಿಸುವುದಿಲ್ಲ. ಅರ್ಹತೆ ಗಳಿಸಿ ಬಂದವರ ಕಥೆಯೇ ಇದು. ನಿಂತವರಲ್ಲಿ ಅನೇಕರು ಮರುವರ್ಷ ಮತ್ತೆ ಬರುತ್ತಾರೆ. ಬರಲು ಕಾಲು ಉಳಿದಿರುತ್ತದೆ, ಅದಕ್ಕೆ.

ಓಡದ ನಮಗೂ ಇದರಲ್ಲಿ ಪಾಲುಂಟು. ಸಾಲ ತೆಗೆದು ಅಂಗಡಿ ಇಡುವಾಗ ಲಾಭದ ಲೆಕ್ಕ ಬರೆಯುತ್ತೇವೆ. ಎಷ್ಟು ನಷ್ಟಕ್ಕೆ ಬಾಗಿಲು ಹಾಕಬೇಕೆಂದು ಬರೆಯುವುದಿಲ್ಲ. ಸಂಘದ ಅಧ್ಯಕ್ಷಗಿರಿ ಹಿಡಿಯುವಾಗ ಬಿಡುವ ದಿನ ಗೊತ್ತುಮಾಡುವುದಿಲ್ಲ. ಕೋರ್ಟು ಮೆಟ್ಟಿಲು ಹತ್ತುವಾಗ ಯಾವ ರಾಜಿಗೆ ಒಪ್ಪಬಹುದೆಂದು ಯೋಚಿಸುವುದಿಲ್ಲ. ಹತ್ತುವ ಹುಮ್ಮಸ್ಸಿನಲ್ಲಿ ಇಳಿಯುವ ಮಾತೇ ಅಪಶಕುನವಾಗಿ ಕೇಳುತ್ತದೆ. ಕೊನೆಗೆ ಆ ತೀರ್ಮಾನವನ್ನು ದಣಿವು, ಹಟ, ನಾಲ್ಕು ಜನರ ನಾಚಿಕೆ ಸೇರಿ ನಮ್ಮ ಪರವಾಗಿ ಮಾಡಿಬಿಡುತ್ತವೆ. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿರುವವನು ಅಲ್ಲಿಯವರೆಗೆ ಅಂಜಿಕೆಯಿಲ್ಲದೆ ಓಡಬಲ್ಲ. ಮುಂದಿನ ಬೆಟ್ಟಕ್ಕೆ ಹೆಸರು ನೋಂದಾಯಿಸುವವರು ಆ ಚೀಟಿಯನ್ನೂ ಅಂದೇ ಬರೆದಿಡಲಿ.