ಇಂದಿನ ಧಮ್ಮ ಚಿಂತನೆ: ನಾವು ಹಾಕದ ಬೂದು ಉಂಡೆಗಳು





ಹೋದ ತಿಂಗಳು ನನ್ನ ಮಗಳು ಒಂದು ವಾರ ರಜೆ ಹಾಕಿ ಬೆಂಗಳೂರಿನಿಂದ ಕಲಬುರಗಿಗೆ ಬಂದಳು. ಅಲ್ಲಿ ಕೆಲಸ ಸಿಕ್ಕಿತ್ತು, ಬಾಡಿಗೆ ಮನೆಯೂ ಗೊತ್ತಾಗಿತ್ತು. ಅಡ್ವಾನ್ಸ್ ಕೊಡಲು ಹೋದ ದಿನ ಮನೆಯೊಡತಿ "ನೀವು ಯಾವ ಪೈಕಿ?" ಎಂದು ಕೇಳಿದರಂತೆ. "ನಾವು ಬೌದ್ಧರು" ಎಂದಳು. "ಅದಕ್ಕೂ ಮೊದಲು?" ಎಂದರು. ಮುಚ್ಚಿಡದೆ ಹೇಳಿದಳು. ಸಂಜೆಗೆ ಫೋನ್ ಬಂತು, ಮನೆ ಬೇರೆಯವರಿಗೆ ಕೊಟ್ಟಾಯಿತು ಎಂದು.

ಊರಿಗೆ ಬಂದವಳು ನನಗೊಬ್ಬಳಿಗೆ ಹೇಳಿ ಸುಮ್ಮನಾದಳು. ತಮ್ಮನ ಲ್ಯಾಪ್‌ಟಾಪ್ ಮುಂದೆ ಕೂತು ರಾತ್ರಿಯೆಲ್ಲ ಆಟ. ಒಂದು ರಾತ್ರಿ ಅವಳ ಪಕ್ಕ ಕೂತು ನಾನು ಅಂದುಬಿಟ್ಟೆ: "ಏನ್ ಮಾಡೂದವ್ವ, ಯಾವ ಜನ್ಮದ ಕರ್ಮನೋ ನಮ್ದು."

ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು. ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾದರೂ ಆ ಹಳೆಯ ಮಾತು ನಾಲಿಗೆಯ ಮೇಲೆ ಉಳಿದಿತ್ತು. ಮಗಳು ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

ಆ ಆಟದ ಹೆಸರು 'ಪುಯೋ ಪುಯೋ'. 1991ರಲ್ಲಿ ಜಪಾನಿನಲ್ಲಿ ಬಂದದ್ದು. ಆರು ಸಾಲು ಅಗಲ, ಹನ್ನೆರಡು ಸಾಲು ಎತ್ತರದ ಒಂದು ಚೌಕಟ್ಟು. ಮೇಲಿನಿಂದ ಎರಡೆರಡು ಬಣ್ಣದ ಉಂಡೆಗಳು ಜೋಡಿಯಾಗಿ ಬೀಳುತ್ತವೆ. ಯಾವ ಬಣ್ಣ ಬರಬೇಕು ಎನ್ನುವುದು ನಮ್ಮ ಕೈಯಲ್ಲಿಲ್ಲ. ತಿರುಗಿಸಿ ಎಲ್ಲಿ ಕೂರಿಸಬೇಕು ಎನ್ನುವುದು ಮಾತ್ರ ನಮ್ಮದು. ಒಂದೇ ಬಣ್ಣದ ನಾಲ್ಕು ಉಂಡೆ ಪಕ್ಕಪಕ್ಕ ಅಥವಾ ಮೇಲೆ ಕೆಳಗೆ ತಾಗಿಕೊಂಡರೆ ಕರಗಿಹೋಗುತ್ತವೆ. ಅವುಗಳ ಮೇಲಿದ್ದವು ಕೆಳಗಿಳಿದು ಮತ್ತೆ ನಾಲ್ಕು ಕೂಡಿದರೆ ಅವೂ ಕರಗುತ್ತವೆ, ಸರಪಳಿಯ ಹಾಗೆ. ರಾಶಿ ಬೆಳೆದು ಮೇಲಿನ ಬಾಯಿ ಕಟ್ಟಿದರೆ ಆಟ ಮುಗಿಯಿತು.

ನೋಡುತ್ತಿದ್ದಂತೆ ಬೂದು ಬಣ್ಣದ ಉಂಡೆಗಳು ಧಪಧಪ ಬಿದ್ದವು. "ಇವ್ಯಾಕ ಇಲ್ಲಿ ಹಾಕ್ದಿ?" ಎಂದೆ.

"ನಾ ಹಾಕಿದ್ದಲ್ಲವ್ವ. ಆ ಕಡೆಯಾಂವ ಕಳ್ಸಿದ್ದು. ಇವು ಎಷ್ಟು ಕೂಡಿದ್ರೂ ತಾವಾಗೇ ಹೋಗೂದಿಲ್ಲ. ಇವುಗಳ ಬಾಜೂಕ ನನ್ನವು ನಾಲ್ಕು ಕೂಡಬೇಕು. ಆಗ ಅವುಗಳ ಜೊತಿಗೇ ಇವೂ ಹೋಗ್ತಾವ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಂಧುಗಳೇ, ಹಿಂದಿನ ಜನ್ಮದ ಕರ್ಮವೇ ಈ ಜನ್ಮದ ಬಡತನಕ್ಕೂ ಅವಮಾನಕ್ಕೂ ಕಾರಣ ಎನ್ನುವ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಒಪ್ಪಲಿಲ್ಲ. ಹಾಗೆ ಒಪ್ಪಿದರೆ ಅನ್ಯಾಯ ಮಾಡಿದವನ ಹೊಣೆ ತಪ್ಪುತ್ತದೆ, ಅನುಭವಿಸಿದವಳೇ ತಪ್ಪಿತಸ್ಥಳಾಗುತ್ತಾಳೆ. ನಾನು ನನ್ನ ಮಗಳಿಗೆ ಮಾಡಿದ್ದು ಅದನ್ನೇ. ಯಾರೋ ಎಸೆದದ್ದನ್ನು ಅವಳೇ ತಂದುಕೊಂಡದ್ದು ಎಂದುಬಿಟ್ಟೆ.

ಎಸೆದವರು ಬೇರೆ. ಆದರೆ ಬಿದ್ದಿರುವುದು ನಮ್ಮ ಮನಸ್ಸಿನಲ್ಲಿ. ಅದನ್ನೇ ನೋಡುತ್ತ ಕೂತರೆ ರಾಶಿ ಬೆಳೆದು ಬಾಯಿ ಕಟ್ಟುತ್ತದೆ. ಕರಗಬೇಕಾದರೆ ಪಕ್ಕದಲ್ಲಿ ನಮ್ಮವರು ಕೂಡಬೇಕು. ಸಂಘಂ ಸರಣಂ ಎಂದು ದಿನವೂ ಹೇಳುತ್ತೇವಲ್ಲ, ಅದರ ಅರ್ಥ ನನಗೆ ತಿಳಿದದ್ದು ಅಂದು.

ಒಂದು ಎಚ್ಚರಿಕೆ. ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಬೇಕು. ಆಟದಲ್ಲಿ ಒಂದೇ ಬಣ್ಣದವು ಮಾತ್ರ ಕೂಡುತ್ತವೆ. ವರ್ಣ ಎಂದರೂ ಬಣ್ಣವೇ ಅಲ್ಲವೇ? ಬುದ್ಧರ ಸಂಘದಲ್ಲಿ ಕ್ಷೌರಿಕ ಉಪಾಲಿಯೂ ಇದ್ದ, ಕಸ ಗುಡಿಸುವ ಸುನೀತನೂ ಇದ್ದ, ಶಾಕ್ಯ ರಾಜಕುಮಾರರೂ ಇದ್ದರು. ಇನ್ನೊಂದು: ಆಟದಲ್ಲಿ ನಮ್ಮವು ಸರಪಳಿಯಾಗಿ ಕರಗಿದರೆ ಬೂದು ಉಂಡೆ ಎದುರಿನವನ ಮೇಲೆ ಬೀಳುತ್ತದೆ. ನಮಗೆ ಅದು ಬೇಡ. ಯಾರ ಮಗಳ ಮೇಲೂ ಅದು ಬೀಳಬಾರದು. ನಮಗೆ ಬೇಕಾದದ್ದು ಹಕ್ಕು, ಅದರ ಜೊತೆಗೆ ಮೈತ್ರಿ.

ಭಾನುವಾರ ಮಗಳನ್ನು ವಿಹಾರಕ್ಕೆ ಕರೆದುಕೊಂಡು ಹೋದೆ. ವಂದನೆ ಮುಗಿದ ಮೇಲೆ ಮೊದಲು ನಾನು ಎಲ್ಲರೆದುರು ನನ್ನ ತಪ್ಪು ಮಾತನ್ನು ಹೇಳಿಕೊಂಡೆ. ಆಮೇಲೆ ಅವಳು ಮಾತಾಡಿದಳು. ಅವಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು "ನನಗೂ ಹಿಂಗೇ ಆಗಿತ್ತಕ್ಕ" ಎಂದಳು. ಹಾಗೆ ಮೂವರು ಹೇಳಿದರು.

ಮನೆ ಇನ್ನೂ ಸಿಕ್ಕಿಲ್ಲ. ಆದರೆ ಹುಡುಕುವವರು ಈಗ ನಾಲ್ವರು.

ಇಂದಿನ ಅಭ್ಯಾಸ: ನಿಮ್ಮೊಳಗೆ ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಅವಮಾನ ಇದ್ದರೆ, ಇಂದು ನಂಬಿಕೆಯ ಒಬ್ಬರಿಗೆ ಹೇಳಿ. ಯಾರಾದರೂ ನಿಮಗೆ ಹೇಳಿದರೆ 'ಹಣೆಬರಹ' ಎನ್ನಬೇಡಿ. ಪಕ್ಕದಲ್ಲಿ ಕೂತು ಕೇಳಿ.

ಸಾಧು, ಸಾಧು, ಸಾಧು.
ಜೈ ಭೀಮ್ 💙