ಬಿಡುಗಡೆ ಎಂಬ ಮಾತು, ಹಾಡುವವನ ಸಿಟ್ಟು

ಕನ್ನಡದಲ್ಲಿ ಬಿಡುಗಡೆ ಅಂತ ಒಂದು ಮಾತಿದೆ. ಸಿನಿಮಾ ಬಿಡುಗಡೆ ಅಂತೀವಿ, ಪುಸ್ತಕ ಬಿಡುಗಡೆ ಅಂತೀವಿ, ಈಗ ಹಾಡಿನ ಆಲ್ಬಂ ಬಿಡುಗಡೆ ಅಂತಲೂ ಅಂತೀವಿ. ಜೈಲಿನಿಂದ ಹೊರಬಂದವನಿಗೂ ಅದೇ ಮಾತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂದ ಮೇಲೆ ಗೌಡರ ಕೊಟ್ಟಿಗೆಯಿಂದ ಹೊರಗೆ ಕಾಲಿಟ್ಟ ನಮ್ಮ ಜನಕ್ಕೂ ಅದೇ ಮಾತು. ಒಂದೇ ಪದ ಇಷ್ಟು ಕಡೆ ದುಡಿಯುತ್ತಿರುವಾಗ ನಾವು ಒಂದು ಪ್ರಶ್ನೆ ಕೇಳಲೇಬೇಕು. ಹಾಡು ಬಿಡುಗಡೆಯಾದ ದಿನ ಹಾಡಿದವನಿಗೂ ಬಿಡುಗಡೆ ಸಿಗುತ್ತದೆಯೆ? ಅಥವಾ ಹಾಡನ್ನು ಪೇಟೆಗೆ ಬಿಟ್ಟು, ಹಾಡಿದವನನ್ನು ಹಳೆಯ ಗೂಟಕ್ಕೇ ಕಟ್ಟಿಹಾಕುತ್ತೇವೆಯೆ?

ಈ ಪ್ರಶ್ನೆಯನ್ನು ನಮ್ಮ ತಲೆಗೆ ಹಚ್ಚಿದವನು ಅಮೆರಿಕದ ರ‍್ಯಾಪರ್ ಜೇ-ಝೀ. ಮನೆಯ ಹೆಸರು ಶಾನ್ ಕಾರ್ಟರ್. 1969ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಮಾರ್ಸಿ ಎಂಬ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಬೆಳೆದ ಕಪ್ಪು ಹುಡುಗ. ಅಪ್ಪ ಮನೆ ಬಿಟ್ಟುಹೋದ. ಹುಡುಗ ಬೀದಿಯಲ್ಲಿ ಮಾದಕವಸ್ತು ಮಾರಿದ. ಅದನ್ನು ಅವನೇ ಹೇಳಿಕೊಂಡಿದ್ದಾನೆ. ಹಾಡಿನ ಕಂಪನಿಗಳು ಬಾಗಿಲು ತೆರೆಯದೆ ಹೋದಾಗ ಇಬ್ಬರು ಗೆಳೆಯರ ಜೊತೆ ತನ್ನದೇ ಕಂಪನಿ ಕಟ್ಟಿ 1996ರಲ್ಲಿ ಮೊದಲ ಆಲ್ಬಂ ತಂದ. 2017ರ ಜೂನ್ 30ರಂದು, 47ನೇ ವಯಸ್ಸಿನಲ್ಲಿ, ತನ್ನ ಹದಿಮೂರನೆಯ ಸ್ಟುಡಿಯೋ ಆಲ್ಬಂ ಬಿಡುಗಡೆ ಮಾಡಿದ. ಅದರ ಹೆಸರು '4:44'. ಅಂದು ಬಂದದ್ದು ಹತ್ತೇ ಹಾಡು, ಒಟ್ಟು ನಲವತ್ತು ನಿಮಿಷವೂ ಇಲ್ಲ.

ಆ ಹತ್ತು ಹಾಡುಗಳಲ್ಲಿ ಹಳೆಯ ಬೀದಿಯ ಅಬ್ಬರ ಕಡಿಮೆ. ಒಂದರಲ್ಲಿ ಹೆಂಡತಿಗೆ ಮಾಡಿದ ಮೋಸಕ್ಕೆ ಕ್ಷಮೆ ಕೇಳುತ್ತಾನೆ. ಇನ್ನೊಂದರಲ್ಲಿ ಹೆಣ್ಣನ್ನೇ ಪ್ರೀತಿಸುವ ತನ್ನ ತಾಯಿ ಎಷ್ಟೋ ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದನ್ನು ಹೇಳುತ್ತಾನೆ. ಆ ತಾಯಿಯೇ ಕೊನೆಗೆ ಬಂದು ಮಾತಾಡುತ್ತಾಳೆ. ಮತ್ತೊಂದರಲ್ಲಿ ದುಡ್ಡು, ಆಸ್ತಿ, ಕರಿಯರ ಬಾಳಿನ ಲೆಕ್ಕ. ಕೇಳಿದವರಲ್ಲಿ ಕೆಲವರು ಮೆಚ್ಚಿದರು. ಕೆಲವರು ಮುಖ ಸಿಂಡರಿಸಿ 'ಇವನಿಗೆ ವಯಸ್ಸಾಯ್ತು, ದುಡ್ಡಾಯ್ತು, ಸಿಟ್ಟು ಹೋಯ್ತು' ಅಂದರು.

ದಾವಣಗೆರೆಯ ಓದುಗರು ಕೇಳಬಹುದು: ಬ್ರೂಕ್ಲಿನ್ನಿನ ಸಾಹುಕಾರನ ಪುರಾಣ ನಮಗ್ಯಾಕಪ್ಪಾ? ಅಂಥವರಿಗೆ ಒಂದು ವರ್ಷವನ್ನು ನೆನಪು ಮಾಡುತ್ತೇವೆ. 1973. ಆ ವರ್ಷ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಡ ಕರಿಯರ ಮಕ್ಕಳು ಸೇರಿ ಒಂದು ಕಟ್ಟಡದಲ್ಲಿ ಕುಣಿದಾಟ ನಡೆಸಿದರು. ರ‍್ಯಾಪ್ ಮತ್ತು ಹಿಪ್‌ಹಾಪ್ ಹುಟ್ಟಿದ್ದು ಅಂದೇ ಅಂತ ಅವರು ಲೆಕ್ಕ ಹಿಡಿಯುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರು ಹೊತ್ತಿಕೊಂಡಿತು, ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಆ ಏಟಿನಿಂದ ಎದ್ದ ಚಳವಳಿಗೆ ಹೆಗಲು ಕೊಟ್ಟ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದು ಇದೇ ಹರಿಹರದಲ್ಲಿ. ಅಲ್ಲಿ ತಾಳಕ್ಕೆ ಮಾತು ಕಟ್ಟಿದರು, ಇಲ್ಲಿ ಹಲಗೆಗೆ ಹಾಡು ಕಟ್ಟಿದರು. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಅವಮಾನ ಮಾತ್ರ ಇಬ್ಬರಿಗೂ ಗೊತ್ತಿತ್ತು.

ಇನ್ನೊಂದು ಕಾರಣವೂ ಇದೆ. ಅರಳೆ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಆ ಕಾರ್ಮಿಕರ ಮೊಮ್ಮಕ್ಕಳು ಇವತ್ತು ಫೋನಿನಲ್ಲಿ ತಾಳ ಹಾಕಿಕೊಂಡು ರ‍್ಯಾಪ್ ಕಟ್ಟುತ್ತಿದ್ದಾರೆ. ಕನ್ನಡದ ರ‍್ಯಾಪಿಗೆ ಬೆಂಗಳೂರಿನಲ್ಲಿ ಪೇಟೆ ಸಿಕ್ಕಿದೆ, ಟೀವಿಯೂ ಸಿಕ್ಕಿದೆ. ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಗೆದ್ದದ್ದು ಮನೆಮನೆಗೆ ಗೊತ್ತು. ನಾಳೆ ನಮ್ಮ ಕೇರಿಯ ಹುಡುಗನೂ ಒಂದು ಆಲ್ಬಂ ಬಿಡುಗಡೆ ಮಾಡಿಯಾನು. ಅವನಿಗೆ ನಾವು ಏನು ಹೇಳಬೇಕು?

'ಸಿಟ್ಟು ಬಿಡಬೇಡ' ಅಂತ ಹೇಳುವುದು ಸುಲಭ. ನಮ್ಮಲ್ಲಿ ಈ ಮಾತು ಹಳೆಯದು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಆ ಹಾಡುಗಳು ಪುಸ್ತಕ ಬಿಟ್ಟು ಮೆರವಣಿಗೆಗೆ ಇಳಿದವು; ಅಕ್ಷರ ಬಾರದ ನಮ್ಮ ಅವ್ವಂದಿರ ಬಾಯಲ್ಲಿ ನಿಂತವು. ಮುಂದೆ ಅವರು ವಿಧಾನ ಪರಿಷತ್ತಿಗೆ ಹೋದರು, ಪ್ರಾಧಿಕಾರಗಳ ಕುರ್ಚಿಯಲ್ಲಿ ಕೂತರು, 'ಊರುಕೇರಿ' ಬರೆದರು. ಅದರಲ್ಲಿ ಹಸಿವನ್ನು ಹೇಳುತ್ತಲೇ ನಗಿಸಿದರು. ಆಗ ನಮ್ಮವರೇ 'ಸಿದ್ಧಲಿಂಗಯ್ಯ ಮೆತ್ತಗಾದರು' ಅಂದರು. 2021ರ ಜೂನ್ 11ರಂದು ಅವರು ತೀರಿಹೋಗುವವರೆಗೂ ಈ ಮಾತು ಬೆನ್ನು ಬಿಡಲಿಲ್ಲ. ಅವರ ರಾಜಕೀಯವನ್ನು ಒರೆಗೆ ಹಚ್ಚುವ ಹಕ್ಕು ನಮಗಿದೆ, ಹಚ್ಚಲೂಬೇಕು. ಆದರೆ ನಗುವನ್ನೇ ಅಪರಾಧ ಅಂದರೆ ಅದು ಬೇರೆ ಮಾತಾಯಿತು.

ಯಾಕೆ ಬೇರೆ ಅನ್ನೋದನ್ನು ಹಲಗೆಯಿಂದ ಕಲಿಯಬೇಕು.

ಹಲಗೆ ಬಡಿಯುವುದನ್ನು ಈಗ ಕಲೆ ಅನ್ನುತ್ತಾರೆ. ನಮ್ಮ ತಾತನಿಗೆ ಅದು ಊರು ಹೊರಿಸಿದ ಚಾಕರಿ. ಅಮ್ಮನ ಜಾತ್ರೆಗೆ ಬಡಿ, ಗೌಡರ ಹೆಣದ ಮುಂದೆ ಬಡಿ, ಊರಲ್ಲಿ ಸಾರಬೇಕಾದರೆ ಬಡಿ. 'ಬಡಿಯಲೇ' ಅಂದರೆ ಬಡಿಯಬೇಕು. ಅವನ ಗುಡಿಸಲಲ್ಲೇ ಸಾವಾಗಿದ್ದರೂ ಊರಿನ ಮದುವೆಗೆ ಮದುವೆಯ ಬಡಿತವೇ ಬೇಕು. ಅವನ ಎದೆಯಲ್ಲಿ ಏನಿದೆ ಅಂತ ಒಬ್ಬನೂ ಕೇಳಲಿಲ್ಲ. 70-80ರ ದಶಕಗಳಲ್ಲಿ ಚಳವಳಿ ಕಾಲಿಟ್ಟ ಹಲವು ಹಳ್ಳಿಗಳಲ್ಲಿ ನಮ್ಮವರು 'ಇನ್ನು ಬಡಿಯೋದಿಲ್ಲ' ಅಂದರು. ಬಹಿಷ್ಕಾರ ಬಿತ್ತು, ಕೂಲಿ ತಪ್ಪಿತು, ಆದರೂ ಅಂದರು. ಅದೇ ಜನ ಅದೇ ಹಲಗೆಯನ್ನು ಚಳವಳಿಯ ಮೆರವಣಿಗೆಯಲ್ಲಿ ಕೈ ನೋಯುವವರೆಗೂ ಬಡಿದರು. ಚರ್ಮ ಅದೇ, ಕೋಲು ಅದೇ, ಕೈ ಅದೇ. ಬಡಿ ಅಂತ ಹೇಳಿದವರು ಯಾರು ಅನ್ನೋದಷ್ಟೇ ಬದಲಾಗಿತ್ತು.

ಗೆಳೆಯರೆ, ಹಾಡುವವನಿಗೆ 'ಸಿಟ್ಟಿನ ಹಾಡೇ ಹಾಡು' ಅನ್ನುವ ಶ್ರೋತೃ ಯಾರು? ಅವನು ಟಿಕೆಟ್ಟಿಗೆ ದುಡ್ಡು ಕೊಟ್ಟಿರಬಹುದು, ನಮ್ಮ ಪರ ಮಾತಾಡುವ ಪ್ರಗತಿಪರನೂ ಇರಬಹುದು. ಅವನ ಬಾಯಲ್ಲೂ ಅದೇ 'ಬಡಿಯಲೇ' ಕೂತಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ್ದು ನಾವೇ ಮೊದಲು. ನಾಲ್ಕು ಪದ್ಯ ಬರೆದಿದ್ದೇವೆ. ಕವಿಗೋಷ್ಠಿಗೆ ಕರೆಯುವವರು ಫೋನಿನಲ್ಲೇ ಹೇಳಿಬಿಡುತ್ತಾರೆ: 'ನಿಮ್ದು ಒಂದು ಬೆಂಕಿ ಅಂಥಾ ಪದ್ಯ ಇರ್ಲಿ ಸಾರ್.' ಪಕ್ಕದಲ್ಲಿ ಕೂತ ಮೇಲುಜಾತಿಯ ಗೆಳೆಯ ಮಳೆಯ ಮೇಲೆ ಓದಬಹುದು, ಮಡದಿಯ ಮೇಲೆ ಓದಬಹುದು. ನಾವು ಹರಿಹರದ ಹೊಳೆ ದಂಡೆಯ ಸಂಜೆಬಿಸಿಲನ್ನು ಬರೆದರೆ 'ಯಾಕ್ರೀ, ಚಳವಳಿ ಬಿಟ್ರಾ?' ಅಂತಾರೆ. ತುಂಗಭದ್ರೆಯ ನೀರು ಮುಟ್ಟುವ ಹಕ್ಕಿಗೆ ಹೊಡೆದಾಡಿದವರಿಗೆ ಅದರ ಬೆಳಕನ್ನು ನೋಡುವ ಹಕ್ಕಿಲ್ಲವೆ? ಜಾತಿ ನಮ್ಮ ಕೈಗೆ ಕಸಬು ಕೊಟ್ಟಿತ್ತು. ಈಗ ಸಿಟ್ಟನ್ನೂ ಕುಲಕಸುಬು ಮಾಡಿ ನಮ್ಮ ಹೆಗಲಿಗೆ ಹಾಕಿದರೆ ಅದು ಯಾವ ಬಿಡುಗಡೆ?

ಆದ್ದರಿಂದ 47ರ ಗಂಡಸು ಸಿಟ್ಟು ಇಳಿಸಿ ಹೆಂಡತಿಯ ಮುಂದೆ ತಲೆ ತಗ್ಗಿಸಿದರೆ ಅದು ಸೋಲಲ್ಲ. ಬೀದಿಯಲ್ಲಿ ಪೊಲೀಸನಿಗೆ ಎದೆ ಕೊಟ್ಟು, ಮನೆಯಲ್ಲಿ ಹೆಂಗಸಿಗೆ ಕೈ ಎತ್ತುವ ಕ್ರಾಂತಿಕಾರಿಗಳನ್ನು ನಾವೂ ಕಂಡಿದ್ದೇವೆ. ಅವರ ಸಿಟ್ಟಿಗೆ ವಯಸ್ಸೇ ಆಗಲಿಲ್ಲ, ಬುದ್ಧಿಯೂ ಬರಲಿಲ್ಲ.

ಇಷ್ಟು ಹೇಳಿ ಅವನನ್ನು ಸುಮ್ಮನೆ ಬಿಡುವಂತಿಲ್ಲ. ಅದೇ ಆಲ್ಬಂನಲ್ಲಿ ಅವನು ತನ್ನ ಜನಕ್ಕೆ ಆಸ್ತಿ ಮಾಡುವ ಪಾಠ ಹೇಳುತ್ತಾನೆ. ಅಗ್ಗಕ್ಕೆ ಸಿಗುತ್ತಿದ್ದ ಕಟ್ಟಡವನ್ನು ಆಗಲೇ ಕೊಳ್ಳಲಿಲ್ಲವಲ್ಲ ಅಂತ ಕೊರಗುತ್ತಾನೆ. 2019ರಲ್ಲಿ ಫೋರ್ಬ್ಸ್ ಪತ್ರಿಕೆ ಅವನನ್ನು ನೂರು ಕೋಟಿ ಡಾಲರಿನ ಒಡೆಯ ಅಂತ ಬರೆಯಿತು. ಮಿಲ್ಲು ಮುಚ್ಚಿ ಬೀದಿಗೆ ಬಿದ್ದ ದಾವಣಗೆರೆಯ ಕಾರ್ಮಿಕ ಕಟ್ಟಡ ಕೊಳ್ಳಲು ಮರೆತು ಬಡವನಾದವನಲ್ಲ. ಒಬ್ಬ ಗೋಡೆ ಹಾರಿದ ಮಾತ್ರಕ್ಕೆ ಗೋಡೆ ಬೀಳುವುದಿಲ್ಲ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರು ತಮಗೆ ಮೋಸ ಮಾಡಿದರು ಅಂತ ನೊಂದುಕೊಂಡದ್ದು ಇಂಥ ಹಾರಿದವರನ್ನು ಕುರಿತೇ. ಅವರು ಆ ಓದಿದವರಿಂದ ಕೇಳಿದ್ದು ಸಿಟ್ಟಿನ ಪ್ರದರ್ಶನ ಅಲ್ಲ. ಹಿಂದೆ ಉಳಿದವರಿಗೆ ಸಲ್ಲಬೇಕಾದ ಬಾಕಿ.

ಹಾಡುವವನ ಬಾಕಿಯಲ್ಲಿ ಮೊದಲನೆಯದು ಹೆಸರು. ಜೇ-ಝೀಯ ಆ ದುಡ್ಡಿನ ಹಾಡಿನಲ್ಲಿ ನೀನಾ ಸಿಮೋನ್ 1966ರಲ್ಲಿ ಹಾಡಿದ ಹಾಡೊಂದರ ತುಣುಕಿದೆ. ಅವಳು 2003ರಲ್ಲೇ ತೀರಿಕೊಂಡಿದ್ದಳು. ಆದರೂ ಬರೆದವರ ಪಟ್ಟಿಯಲ್ಲಿ ಅವಳ ಹೆಸರಿದೆ. ನಮ್ಮಲ್ಲಿ? ಕ್ಯಾಸೆಟ್ಟಿನ ಕಾಲದಿಂದಲೂ 'ಸಾಹಿತ್ಯ: ಜನಪದ' ಅಂತ ಒಂದು ಪದ ಅಚ್ಚಾಗುತ್ತಾ ಬಂದಿದೆ. ಜನಪದ ಅಂದರೆ ಯಾರು? ಯಾರದೋ ಅವ್ವ, ಯಾರದೋ ಅಜ್ಜಿ, ಕಳೆ ಕೀಳುತ್ತಾ ಹಾಡಿದವಳು. ಹಾಡು ಬಿಡುಗಡೆಯಾಯಿತು, ಅವಳು ಹೊಲದಲ್ಲೇ ಉಳಿದಳು.

ಪಕ್ಕದ ತಮಿಳುನಾಡಿನಲ್ಲಿ 2021ರ ಮಾರ್ಚ್‌ನಲ್ಲಿ 'ಎಂಜಾಯ್ ಎಂಜಾಮಿ' ಬಂತು. ದಲಿತ ರ‍್ಯಾಪರ್ ಅರಿವು ಬರೆದು, ಧೀ ಎಂಬ ಗಾಯಕಿಯ ಜೊತೆ ಹಾಡಿದ ಹಾಡು. ಅದರ ಹಿಂದೆ ಇದ್ದದ್ದು ಲಂಕೆಯ ಟೀ ತೋಟದಲ್ಲಿ ದುಡಿದ ಅವನ ಅಜ್ಜಿಯ ಬದುಕು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಅವನ ಮುಖ ಇರಲಿಲ್ಲ. ಪಾ. ರಂಜಿತ್ ಮೊದಲಾದವರು ಕೇಳಿದ ಮೇಲೆ ಇನ್ನೊಂದು ಮುಖಪುಟ ಬಂತು. ಹಾಡಿನಿಂದ ತಮಗ್ಯಾರಿಗೂ ಒಂದು ಪೈಸೆ ಬಂದಿಲ್ಲ ಅಂತ 2024ರಲ್ಲಿ ಸಂಗೀತಗಾರ ಸಂತೋಷ್ ನಾರಾಯಣನ್ ಹೇಳಿದರು. ಅದೇ ವರ್ಷ ಅರಿವು ತನ್ನ ಆಲ್ಬಂ ತಂದ. ಇಟ್ಟ ಹೆಸರು 'ವಲ್ಲಿಯಮ್ಮಾ ಪೇರಾಂಡಿ', ಅಂದರೆ ವಲ್ಲಿಯಮ್ಮನ ಮೊಮ್ಮಗ. 'ಜನಪದ' ಅನ್ನುವ ಜಾಗದಲ್ಲಿ ಅಜ್ಜಿಯ ಹೆಸರು ಬರೆದ.

ದಾವಣಗೆರೆ, ಹರಿಹರದ ನಮ್ಮ ಹುಡುಗರಿಗೆ ನಾವು ಹೇಳುವುದು ಇಷ್ಟೇ. ಸಿಟ್ಟು ಬಂದಾಗ ಸಿಟ್ಟಿನಲ್ಲಿ ಹಾಡಿ, ನಗು ಬಂದಾಗ ನಕ್ಕು ಹಾಡಿ, ಪ್ರೀತಿ ಬಂದರೆ ಅದನ್ನೂ ಹಾಡಿ. 'ಬಡಿಯಲೇ' ಅಂದವರ ಮುಂದೆ ಕೋಲು ಕೆಳಗಿಡಿ. ಕಾಗದಕ್ಕೆ ಸಹಿ ಹಾಕುವ ಮುಂಚೆ ಓದಿ, ಓದಿಸಿ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಜನ ನಾವು. ಹಲಗೆ ಹಿಡಿದವನ ಹೆಸರು, ಸೊಲ್ಲು ಕೊಟ್ಟ ಅಜ್ಜಿಯ ಹೆಸರು ಬರೆಯಿರಿ, ಬಂದ ದುಡ್ಡಿನಲ್ಲಿ ಅವರ ಪಾಲು ಕೊಡಿ. ವಯಸ್ಸಾದ ಮೇಲೆ ನಿಮ್ಮ ದನಿ ಮೆತ್ತಗಾದರೆ ನಾವು ಕೇಳುವುದು ಆ ಲೆಕ್ಕವನ್ನೇ.