ಹೊಗೆಯೋ, ಮಂಜೋ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು ಎಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಜೊತೆಯಾಗಿ ಕಂಡವನು ಬೆಟ್ಟದ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುತ್ತಾನೆ. ಅದೇ ಶಾಸ್ತ್ರಕಾರರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಸಾಧಿಸಲು ಹೊರಟವನು ಕೆಡುತ್ತಾನೆ. ಈ ಮಾತಿನ ಅರ್ಥ ಪುಸ್ತಕದಲ್ಲಿ ತಿಳಿಯುವುದಕ್ಕಿಂತ ಚೆನ್ನಾಗಿ ಕವಲೇದುರ್ಗದಲ್ಲಿ ತಿಳಿಯುತ್ತದೆ. ಕಳೆದ ಪುಷ್ಯಮಾಸದ ಒಂದು ಬೆಳಗ್ಗೆ ತಂಗಿಯ ಮಗಳೊಡನೆ ಆ ದುರ್ಗವನ್ನು ಹತ್ತುತ್ತಿದ್ದೆ. ಕಾಡಿನ ನಡುವಿನಿಂದ ಬೆಳ್ಳಗೆ ಏನೋ ಏಳುತ್ತಿತ್ತು. "ಯಾರೋ ತರಗೆಲೆ ಸುಡುತ್ತಿದ್ದಾರೆ" ಎಂದೆ. ಹುಡುಗಿ ನಕ್ಕಳು. "ಮಂಜು ಮಾವ, ಅದು. ಹೊಗೆಯಾಗಿದ್ದರೆ ವಾಸನೆ ಎಲ್ಲಿ?"

ಅವಳು ಆಗಷ್ಟೇ ವಿಧಿವಿಜ್ಞಾನದ ಪ್ರಯೋಗಾಲಯವೊಂದರಲ್ಲಿ ನಾಲ್ಕು ವಾರ ಕಲಿತು ಬಂದಿದ್ದಳು. ಈಗಿನವರು ಇದನ್ನು ಇಂಟರ್ನ್‌ಶಿಪ್ ಎನ್ನುತ್ತಾರೆ. ಹಿಂದೆ ಕಚೇರಿಗಳಲ್ಲಿ ಇಂಥವರನ್ನು ಉಮೇದುವಾರರೆಂದು ಕರೆಯುತ್ತಿದ್ದರು. ಸಂಬಳವಿಲ್ಲ, ಕೊನೆಗೆ ಒಂದು ಪ್ರಮಾಣಪತ್ರ. ಆದರೂ ಈ ವಿದ್ಯೆಗೆ ಬೇಡಿಕೆ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರೇ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ರಾಜ್ಯಗಳು ಐದು ವರ್ಷದೊಳಗೆ ಮಾಡಿಕೊಳ್ಳಬೇಕು. ಅಷ್ಟು ಜನ ತಜ್ಞರು ಎಲ್ಲಿಂದ ಬರಬೇಕು? ಇಂಥ ಹುಡುಗ ಹುಡುಗಿಯರಿಂದಲೇ ತಾನೆ? ವಿಧಿ ಎಂದರೆ ಕಾನೂನೂ ಹೌದು, ಹಣೆಬರಹವೂ ಹೌದು. ಈ ವಿಜ್ಞಾನಕ್ಕೆ ಹೆಸರಿಟ್ಟವರು ಅದನ್ನು ನೆನೆದಿದ್ದರೋ ಇಲ್ಲವೋ, ಹೆಸರು ಮಾತ್ರ ತಕ್ಕದ್ದಾಗಿದೆ.

ಕಲಿಯುವವರ ಕೈಗೆ ನಿಜವಾದ ಮೊಕದ್ದಮೆಯ ವಸ್ತುಗಳನ್ನು ಕೊಡುವುದಿಲ್ಲವಂತೆ. ಅಭ್ಯಾಸಕ್ಕೆಂದು ತಯಾರಿಸಿದ ಕಲೆ, ಎಳೆ, ಬಣ್ಣದ ಚೂರುಗಳನ್ನು ಪರೀಕ್ಷಿಸಬೇಕು. ಉಳಿದದ್ದನ್ನು ದೂರದಿಂದ ನೋಡಬೇಕು. ಕಲೆಗೆ ಔಷಧ ಹಾಕಿದಾಗ ಗುಲಾಬಿ ಬಣ್ಣ ಬಂದರೆ "ರಕ್ತ" ಎಂದು ಬರೆಯಬಾರದು. ಕೆಲವು ತರಕಾರಿಗಳ ರಸಕ್ಕೂ ಆ ಬಣ್ಣ ಬಂದೀತು. "ರಕ್ತವಿರಬಹುದು, ಮುಂದೆ ಪರೀಕ್ಷಿಸಬೇಕು" ಎನ್ನುವುದಷ್ಟೇ ಸರಿ. ಏನೂ ಇಲ್ಲದ ಶುದ್ಧ ನೀರನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸಬೇಕು. ಅದಕ್ಕೂ ಬಣ್ಣ ಬಂದರೆ ತಪ್ಪು ನಮ್ಮ ಸೀಸೆಯದು. ನನಗೆ ಇದನ್ನು ಕೇಳಿ ಸಂತೋಷವಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕೆ?

ಎರಡನೆಯ ಬಾಗಿಲು ದಾಟಿ ಕಲ್ಲಿನ ಮೇಲೆ ಕುಳಿತಾಗ ಹುಡುಗಿಯ ಮುಖ ಸಣ್ಣದಾಯಿತು. ಒಂದು ದಿನ ಅರಗಿನ ಮುದ್ರೆಯಿದ್ದ ಪೊಟ್ಟಣವೊಂದನ್ನು ಅಧಿಕಾರಿಗಳು ಬಿಚ್ಚುವಾಗ ಅವಳು ಹಿಂದೆ ನಿಂತಿದ್ದಳಂತೆ. ಮುದ್ರೆ ಒಡೆದಿಲ್ಲವೆಂದು ಮೊದಲು ನೋಡಿದರು, ಬರೆದುಕೊಂಡರು. ಒಳಗಿದ್ದದ್ದು ಮಗುವಿನ ಒಂದು ಲಂಗ. "ಅವತ್ತು ನಾನು ಊಟ ಮಾಡಲಿಲ್ಲ ಮಾವ. ಆ ತಾಯಿಗೆ ಅದು ಸರ್ವಸ್ವ. ನನಗೆ ಅದು ಪಾಠ. ಆ ಲಂಗ ನೋಡಿ ನಾನು ಪ್ರಮಾಣಪತ್ರ ತೆಗೆದುಕೊಳ್ಳುವುದು ಸರಿಯೆ? ಇನ್ನೊಂದು ಹೇಳುತ್ತೇನೆ, ನಾಚಿಕೆಯಾಗುತ್ತದೆ. ಪರೀಕ್ಷೆಯಲ್ಲಿ ಅಪರಾಧಿ ಸಿಕ್ಕಲಿ, ಎಳೆ ಹೊಂದಲಿ ಅಂತ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ."

ಮೊದಲನೆಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ವೈದ್ಯ ರೋಗಿಯ ನೋವಿನಲ್ಲಿಯೇ ಕಲಿಯಬೇಕು, ಬೇರೆ ಶಾಲೆಯಿಲ್ಲ. ಕಲಿಯುವವನಿಗೆ ಆ ಋಣದ ಅರಿವಿದ್ದರೆ ಸಾಕು. ಎರಡನೆಯದು ಹಾಗಲ್ಲ. ದಯೆ ಗುಣವೆಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಆ ದಯೆಯೇ ಸೂಕ್ಷ್ಮದರ್ಶಕದ ಬಳಿ ಕುಳಿತು "ಹೊಂದಲಿ, ಹೊಂದಲಿ" ಎಂದು ಪಿಸುಗುಟ್ಟಿದರೆ? ಮಗುವಿನ ಮೇಲಿನ ಕರುಣೆ ಇನ್ನೊಬ್ಬ ತಾಯಿಯ ಮಗನ ಕೊರಳಿಗೆ ಹಗ್ಗವಾಗದೆ?

ಅವಳಿಗೆ ನಾನು ಉಪದೇಶ ಮಾಡಲಿಲ್ಲ. ನನ್ನ ಕಥೆ ಹೇಳಿದೆ. ಬಯಲುಸೀಮೆಯಿಂದ ಮಲೆನಾಡಿನ ಶಾಲೆಯೊಂದಕ್ಕೆ ರಸಾಯನಶಾಸ್ತ್ರದ ಮೇಷ್ಟ್ರಾಗಿ ಬಂದ ಮೊದಲ ವರ್ಷ. ಬೀರುವಿನಲ್ಲಿದ್ದ ಸಿಲ್ವರ್ ನೈಟ್ರೇಟಿನ ಸೀಸೆ ಕಾಣೆಯಾಯಿತು. ಆ ದ್ರವ ತಗುಲಿದ ಚರ್ಮ ಬೆಳಕಿಗೆ ಕಪ್ಪಾಗುತ್ತದೆಂದು ನಾನು ಬಲ್ಲೆ. ಮರುದಿನ ತರಗತಿಯಲ್ಲಿ ಎಲ್ಲರ ಕೈ ನೋಡಿದೆ. ಒಬ್ಬ ಬಡ ಹುಡುಗನ ಬೆರಳುಗಳು ಕಪ್ಪಗಿದ್ದವು. ಎಲ್ಲರೆದುರಿಗೆ ಅವನನ್ನು ಕಳ್ಳನೆಂದೆ. ಅವನು ಏನೋ ಹೇಳಹೊರಟ, ನಾನು ಕೇಳಲಿಲ್ಲ. ನನ್ನ ಬಳಿ ವಿಜ್ಞಾನವಿತ್ತಲ್ಲ! ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ತಿಂಗಳ ಮೇಲೆ ಸೀಸೆ ಬೀರುವಿನ ಹಿಂದೆಯೇ ಸಿಕ್ಕಿತು. ಅದು ಅಡಿಕೆ ಸುಲಿಯುವ ಕಾಲ. ಹುಡುಗ ರಾತ್ರಿಯೆಲ್ಲ ಯಾರದೋ ಅಂಗಳದಲ್ಲಿ ಕೂಲಿಗೆ ಹಸಿ ಅಡಿಕೆ ಸುಲಿಯುತ್ತಿದ್ದ. ಅಡಿಕೆಯ ಕರೆ ಬೆರಳಿಗೆ ಹತ್ತಿದರೆ ವಾರವಾದರೂ ಹೋಗದೆಂಬುದು ಆ ಊರಿನ ಕೂಸಿಗೂ ಗೊತ್ತು. ಕಪ್ಪಿಗೆ ಒಂದೇ ಕಾರಣವನ್ನು ಬಲ್ಲವನು ಅಲ್ಲಿ ನಾನೊಬ್ಬನೇ. ನನ್ನನ್ನು ಕೆಡಿಸಿದ್ದು ಅಜ್ಞಾನವಲ್ಲ, ಅರೆಜ್ಞಾನ. ಅವನ ಮನೆಗೆ ಹೋದೆ. ಅವರು ಘಟ್ಟದ ಕೆಳಗೆ ಹೋಗಿಯಾಗಿತ್ತು.

ದೊಡ್ಡವರೂ ಹೀಗೆಯೇ ಎಡವಿದ್ದಾರೆ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಿಗೆ ಬಾಂಬಿಟ್ಟ ಪ್ರಕರಣದಲ್ಲಿ ಒಂದು ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಒಬ್ಬ ವಕೀಲನದೆಂದು ಎಫ್‌ಬಿಐನ ತಜ್ಞರು ಒಬ್ಬರಾದ ಮೇಲೊಬ್ಬರು ಒಪ್ಪಿದರು. ವಕೀಲ ಎರಡು ವಾರ ಬಂಧನದಲ್ಲಿದ್ದ. ಆಮೇಲೆ ಅದು ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ಗುರುತಿಸಿದರು. ಮೊದಲನೆಯವನು ಹೌದೆಂದ ಮೇಲೆ ಎರಡನೆಯವನ ಕಣ್ಣು ಸ್ವತಂತ್ರವಾಗಿ ಉಳಿಯುವುದು ಕಷ್ಟ. ನಮ್ಮಲ್ಲಿಯೂ ವಸ್ತು ಮಾತಾಡದಿದ್ದರೆ ಮನುಷ್ಯನಿಂದಲೇ ಹೇಳಿಸೋಣವೆಂದು ಮದ್ದು ಚುಚ್ಚಿ ಪ್ರಶ್ನಿಸುವ ನಾರ್ಕೋ ಪರೀಕ್ಷೆ ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬಹಳ ಹೆಸರಾಗಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಹಾಗೆ ಪರೀಕ್ಷಿಸಕೂಡದೆಂದು ತೀರ್ಪಿತ್ತಿತು. ಸತ್ಯದ ಹಸಿವು ಒಳ್ಳೆಯದೇ. ಹಸಿದವನು ಸಿಕ್ಕಿದ್ದನ್ನೆಲ್ಲ ತಿನ್ನಬಾರದು.

ಮೇಲೆ ಅರಮನೆಯ ತಳಪಾಯದ ನಡುವೆ ಕಲ್ಲಿನ ಒಲೆಯಿದೆ. ಕೆಳದಿಯ ಅರಸರ ಈ ದುರ್ಗಕ್ಕೆ ಬಂದವರೆಲ್ಲ ಅಲ್ಲಿ ನಿಲ್ಲುತ್ತಾರೆ. ಒಬ್ಬ ತಂದೆ ಮಗನಿಗೆ, "ರಾಣಿ ಚೆನ್ನಮ್ಮಾಜಿಗೆ ಇಲ್ಲೇ ಅಡುಗೆಯಾಗುತ್ತಿತ್ತು" ಎನ್ನುತ್ತಿದ್ದ. ಚೆನ್ನಮ್ಮಾಜಿ 1671ರಿಂದ 1696ರವರೆಗೆ ಆಳಿದ್ದೂ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನನ್ನು ಎದುರುಹಾಕಿಕೊಂಡದ್ದೂ ಇತಿಹಾಸ. ಹುಡುಗಿ ಕಲ್ಲನ್ನು ಸವರಿ ಮೆಲ್ಲಗೆ ಹೇಳಿದಳು: "ಇದು ಒಲೆ ಅಂತ ಒಪ್ಪಬಹುದು. ಯಾರಿಗೆ ಅಡುಗೆಯಾಯಿತು ಅಂತ ಒಲೆ ಹೇಳುವುದಿಲ್ಲ."

"ಹಾಗಾದರೆ ನಿನ್ನ ದಯೆಯನ್ನು ಏನು ಮಾಡುತ್ತೀಯೆ?" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಕೆಲಸದಲ್ಲಿ ಇಡುತ್ತೇನೆ, ಫಲಿತಾಂಶದಲ್ಲಿ ಇಡುವುದಿಲ್ಲ. ಒಂದು ಸಲ ನೋಡುವ ಕಡೆ ಮೂರು ಸಲ ನೋಡುತ್ತೇನೆ. ಆದರೆ ಮಾವ, ಮೂರು ಸಲ ನೋಡಿದ ಮೇಲೂ 'ನಿರ್ಧರಿಸಲಾಗದು' ಅಂತಲೇ ಬರೆಯಬೇಕಾದರೆ? ಆ ತಾಯಿ ಅದನ್ನು ಓದಿದರೆ?"

ತಜ್ಞನದು ಅಭಿಪ್ರಾಯ ಮಾತ್ರ, ತೀರ್ಪು ನ್ಯಾಯಾಧೀಶನದು ಎಂದು ಹೇಳಬಹುದಾಗಿತ್ತು. ಕಾನೂನಿಗೆ ಅದು ಉತ್ತರ. ಆ ತಾಯಿಗೆ ಅಲ್ಲ. ನಾನು ಸುಮ್ಮನಿದ್ದೆ. ಅವಳು ಬರೆಯುವ ಆ ಒಂದು ಪದದ ಭಾರವನ್ನು ಅವಳೇ ಹೊರಬೇಕು. ಹೊರಲಾರದೆ ನಾನು ಒಮ್ಮೆ ಸುಲಭದ ಪದವನ್ನು ಆಡಿದ್ದೆ. ಅದರ ಭಾರವನ್ನು ಇನ್ನೊಬ್ಬ ಹೊತ್ತುಕೊಂಡು ಘಟ್ಟ ಇಳಿದ.

ನಾವು ಇಳಿಯುವಾಗ ಬಿಸಿಲೇರಿತ್ತು. ಬೆಳಗ್ಗೆ ಕಂಡ ಕಡೆಯಲ್ಲಿಯೇ ಮರಗಳ ನಡುವೆ ಮತ್ತೆ ಬೆಳ್ಳಗೆ ಏನೋ ಏಳುತ್ತಿತ್ತು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಗಾಳಿ ಇತ್ತ ಬೀಸುವವರೆಗೆ ಕಾಯುತ್ತ ನಿಂತೆ.